ತಲುಪಿದ ಚೀಟಿ

ಬೆಳಿಗ್ಗೆ ಎಂಟೂಕಾಲಿಗೆ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯ ಬೀಗ ತೆಗೆದ ಮೇಲೆ ಸೇತುವೆಯಕ್ಕ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಕೈಚೀಲ ಹೆಗಲಲ್ಲೇ ಇರುತ್ತಿತ್ತು. ನಿಂತ ಹಾಗೆಯೇ ಎಡಗಡೆಯ ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪ್ ಮಾಡಿ ಕಳಿಸುತ್ತಿದ್ದಳು: ‘ಈ ಕಡೆ ಕ್ಷೇಮ. ಆ ಕಡೆ?’ ಆಮೇಲೆ ಬಲಗಡೆಯ ಪರದೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಆ ಸಾಲು ಅಲ್ಲಿ ಹಸಿರು ಅಕ್ಷರಗಳಲ್ಲಿ ಮೂಡಿದ ಮೇಲೆ, ಅಲ್ಲಿಂದ ಇನ್ನೊಂದು ಸಾಲು ಟೈಪ್ ಮಾಡಿ ಈ ಕಡೆಗೆ ಕಳಿಸುತ್ತಿದ್ದಳು: ‘ಆ ಕಡೆಯೂ ಕ್ಷೇಮ.’ ಅದೂ ಬಂದು ಮುಟ್ಟಿದ ಮೇಲೆಯೇ ಕೈಚೀಲ ಕೆಳಗಿಳಿಯುತ್ತಿತ್ತು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಗಂಡ ತೀರಿಕೊಂಡು ಹದಿನಾಲ್ಕನೆಯ ದಿನ ಕೆಲಸಕ್ಕೆ ಬಂದಾಗಲೂ ತಪ್ಪಿದ್ದಿಲ್ಲ.

ಅದೊಂದು ಸರಕು ಹಡಗುಗಳ ಕಂಪನಿ. ಹೊಸ ಕಟ್ಟಡದಲ್ಲಿ ಮೇಜಿಗೊಂದು ಕಂಪ್ಯೂಟರು. ಅವುಗಳದ್ದೇ ಒಂದು ಇ-ಮೇಲು. ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಬೀರುವಿನಷ್ಟು ಎತ್ತರದ ದೊಡ್ಡ ಯಂತ್ರ, ಅದರದ್ದು ಇನ್ನೊಂದು ಇ-ಮೇಲು. ನಡುನೀರಿನಲ್ಲಿರುವ ಹಡಗುಗಳ ಜೊತೆ ಮಾತಾಡುವುದು ಆ ದೊಡ್ಡ ಯಂತ್ರಕ್ಕೆ ಮಾತ್ರ ಗೊತ್ತಿತ್ತು. ಎರಡಕ್ಕೂ ಬಾಯಿ ಇದೆ, ಆದರೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಮುನಿಸಿಕೊಂಡ ಓರಗಿತ್ತಿಯರ ಹಾಗೆ. ನಡುವೆ ಕೂತು ಇವಳು ಹೇಳಿದ್ದನ್ನು ಅವಳಿಗೂ ಅವಳು ಹೇಳಿದ್ದನ್ನು ಇವಳಿಗೂ ಮುಟ್ಟಿಸಲು ಮೆಟ್ಟಿಲ ಕೆಳಗೆ ಒಂದು ಹಳೆಯ ಕಂಪ್ಯೂಟರು ಇಟ್ಟಿದ್ದರು. ಎಂಜಿನಿಯರುಗಳು ಅದಕ್ಕೆ ಗೇಟ್‌ವೇ ಎಂದರು. ಕಚೇರಿಯವರ ಬಾಯಲ್ಲಿ ಅದು ಸೇತುವೆಯಾಯಿತು. ನೋಡಿಕೊಳ್ಳುವವಳು ಸೇತುವೆಯಕ್ಕ ಆದಳು. ಅವಳ ನಿಜ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವಳು ಎಂಜಿನಿಯರಿಂಗ್ ಓದಿದವಳಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಟೆಲಿಪ್ರಿಂಟರ್ ಬಡಿಯುವ ಕೆಲಸಕ್ಕೆ ಸೇರಿದ್ದಳು. ಟೆಲಿಪ್ರಿಂಟರ್ ಮೂಲೆ ಸೇರಿದಾಗ ಜೊತೆಯವರನ್ನೆಲ್ಲ ಮನೆಗೆ ಕಳಿಸಿದರು. ಇವಳು ಮಾತ್ರ ಗೇಟ್‌ವೇ ಜೋಡಿಸಲು ಬಂದ ಎಂಜಿನಿಯರನ ಬೆನ್ನ ಹಿಂದೆ ಹನ್ನೊಂದು ದಿನ ನಿಂತು, ಅವನು ಒತ್ತಿದ ಪ್ರತಿಯೊಂದು ಗುಂಡಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವನು ಹೊರಟ ಮೂರನೆಯ ದಿನ ಯಂತ್ರ ಕೆಟ್ಟು ನಿಂತಿತು. ಫೋನಿನಲ್ಲಿ ಅವನು ದಾರಿ ಕಾಣದೆ ತಡವರಿಸುತ್ತಿದ್ದಾಗ, “ಏಳನೇ ದಿನ ನೀವು ಹೀಗೆ ಮಾಡಿದ್ರಿ, ಹಾಗೆ ಮಾಡ್ಲಾ?” ಎಂದು ಕೇಳಿ ತಾನೇ ಸರಿ ಮಾಡಿದಳು. ಅವತ್ತಿನಿಂದ ಆ ಕೋಣೆಯ ಬೀಗದಕೈ ಅವಳ ಸೆರಗಿನಲ್ಲಿತ್ತು.

ಕಾಲುಗಂಟೆಗೊಮ್ಮೆ ಗೇಟ್‌ವೇ ಎದ್ದು ಈ ಕಡೆಯ ಪತ್ರಗಳನ್ನು ಬಾಚಿಕೊಳ್ಳುತ್ತಿತ್ತು. ಉದ್ದ ಸಾಲುಗಳನ್ನು ಮುರಿಯುತ್ತಿತ್ತು, ಬಣ್ಣ ಬೆಡಗು ಕಳಚುತ್ತಿತ್ತು. ಜೊತೆಗೆ ಕಟ್ಟಿಕೊಂಡು ಬಂದ ಫೋಟೋ, ಪಟ್ಟಿ, ಫೈಲು ಯಾವುದನ್ನೂ ಆ ಕಡೆಗೆ ಬಿಡುತ್ತಿರಲಿಲ್ಲ, ಯಾಕೆಂದರೆ ದೊಡ್ಡ ಯಂತ್ರಕ್ಕೆ ಬರಿಯ ಅಕ್ಷರ ಬಿಟ್ಟು ಬೇರೇನೂ ಜೀರ್ಣವಾಗುತ್ತಿರಲಿಲ್ಲ. ಹಾಗೆ ಕಿತ್ತುಹಾಕಿದ ಜಾಗದಲ್ಲಿ ಒಂದು ಸಾಲು ಬಿಡುತ್ತಿತ್ತು: ‘ಅಟ್ಯಾಚ್‌ಮೆಂಟ್ ತೆಗೆಯಲಾಗಿದೆ. ಬೇಕಿದ್ದರೆ ಕಳಿಸಿದವರನ್ನು ಕೇಳಿ.’ ಆ ಸಾಲನ್ನು ಬರೆದು ಯಂತ್ರಕ್ಕೆ ಕೊಟ್ಟವಳೂ ಸೇತುವೆಯಕ್ಕನೇ.

ಇನ್ನೊಂದು ಸಾಲನ್ನೂ ಅವಳೇ ಬರೆದಿದ್ದಳು. ನೆಲ ಅಂತಸ್ತಿನಲ್ಲಿ ಹಡಗಿನವರ ಮನೆಮಂದಿಗೆಂದು ಒಂದು ಕಂಪ್ಯೂಟರು ಇತ್ತು. ಹೆಂಡತಿಯರು, ಅಕ್ಕತಂಗಿಯರು, ಮುದಿ ತಂದೆಗಳು ಬಂದು ಸಮುದ್ರದ ಮೇಲಿರುವವರಿಗೆ ಪತ್ರ ಕಳಿಸುತ್ತಿದ್ದರು. ಟೈಪ್ ಬಾರದವರಿಗೆ ಊಟದ ವೇಳೆಯಲ್ಲಿ ಅವಳೇ ಟೈಪ್ ಮಾಡಿಕೊಡುತ್ತಿದ್ದಳು. ಮರುದಿನ ಅವರೆಲ್ಲರದೂ ಒಂದೇ ಪ್ರಶ್ನೆ. “ಅಕ್ಕಾ, ಹೋಯ್ತಾ?” “ಅಕ್ಕಾ, ಮುಟ್ತಾ?” ಒಬ್ಬಾಕೆಯಂತೂ ಗಂಡನಿಗೆ ಬರೆದ ಪತ್ರ ಮುಟ್ಟಿತೋ ಇಲ್ಲವೋ ಎಂದು ಮೂರು ದಿನ ಮೆಟ್ಟಿಲ ಮೇಲೆ ಕೂತಿದ್ದಳು. ಅದನ್ನು ನೋಡಲಾರದೆ ಸೇತುವೆಯಕ್ಕ ಒಂದು ಏರ್ಪಾಡು ಮಾಡಿದಳು. ಗೇಟ್‌ವೇ ಪತ್ರವನ್ನು ಕೈಗೆ ತೆಗೆದುಕೊಂಡ ಕ್ಷಣವೇ ಕಳಿಸಿದವರಿಗೆ ಒಂದು ಚೀಟಿ ಹಿಂದಕ್ಕೆ ಬರುತ್ತಿತ್ತು: ‘ನಿಮ್ಮ ಪತ್ರ ತಲುಪಿದೆ.’

ಹಡಗಿಗೆ ತಲುಪಿದೆಯೋ ಇಲ್ಲವೋ ಗೇಟ್‌ವೇಗೆ ಹೇಗೆ ಗೊತ್ತಾಗಬೇಕು? ಮೆಟ್ಟಿಲ ಕೆಳಗಿನ ಕೋಣೆಗೆ ತಲುಪಿದೆ ಎಂದಷ್ಟೇ ಅದಕ್ಕೆ ಗೊತ್ತು. ಇದು ಅವಳಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಇಲ್ಲಿಗೆ ಬಂದ ಪತ್ರ ಅಲ್ಲಿಗೆ ಹೋಗದೆ ಇದ್ದದ್ದೇ ಇರಲಿಲ್ಲ. ಚೀಟಿ ಓದಿದವರ ಮುಖ ಅರಳುತ್ತಿತ್ತು. ಅಷ್ಟಕ್ಕೆ ಯಾರಿಗೇನು ಕೇಡು ಎಂದುಕೊಂಡಳು.

ಮನೆಯಲ್ಲಿ ಅವಳೂ ಅತ್ತೆಯೂ ಇಬ್ಬರೇ. ಅತ್ತೆಗೆ ಎಂಬತ್ತು ದಾಟಿತ್ತು, ನಾಲಗೆಗೆ ಇನ್ನೂ ಇಪ್ಪತ್ತು. ಚೀಟಿಯ ಸುದ್ದಿ ಕೇಳಿದ ದಿನ ಅತ್ತೆ ನಕ್ಕು ಹೇಳಿದ್ದಳು.

“ಕಾಗದ ಕಳ್ಸೋದು ಒಂದು ಕೆಲಸ, ಮುಟ್ತು ಅಂತ ಇನ್ನೊಂದು ಕಾಗದ ಕಳ್ಸೋದು ಇನ್ನೊಂದು ಕೆಲಸ. ಊಟ ಆಯ್ತು ಅಂತ ಹೊಟ್ಟೆಗೂ ಒಂದು ಚೀಟಿ ಬರೀತೀಯೇನೇ?”

“ಜನಕ್ಕೆ ಸಮಾಧಾನ ಆಗುತ್ತೆ ಅತ್ತೆ.”

“ಸಮಾಧಾನ ಆಗೋದಾದ್ರೆ ಸರಿ. ನಿನ್ನ ಯಂತ್ರ ನಿನ್ನ ಹಾಗೇ ಆಗಿದೆ. ಬೇಡ ಅನ್ನೋಕೆ ಬಾಯಿಲ್ಲ.”

ಚೀಟಿಯ ಏರ್ಪಾಡಾಗಿ ಆರು ವರ್ಷ ಕಳೆದ ಮೇಲೆ ಬಂದವಳು ಹೊಲಿಗೆಯಮ್ಮ.

ಅವಳು ದರ್ಜಿ. ಎರಡು ಬೀದಿಯಾಚೆ ಕಿಟಕಿಯ ಪಕ್ಕ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ, ಇಪ್ಪತ್ತು ವರ್ಷದ ಮಗಳೊಬ್ಬಳು ಜೊತೆಗಿದ್ದಳು. ಅವಳ ತಮ್ಮ ಈ ಕಂಪನಿಯ ಹಡಗೊಂದರ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ಕೆಲಸದಲ್ಲಿದ್ದ. ನೆಲ ಅಂತಸ್ತಿನ ಕಂಪ್ಯೂಟರಿನ ಮುಂದೆ ಕೂತಾಗಲೂ ಅವಳ ರವಿಕೆಯ ಅಂಚಿನಲ್ಲಿ ನಾಲ್ಕು ಗುಂಡುಸೂಜಿ ಚುಚ್ಚಿಕೊಂಡಿದ್ದವು.

“ನಾಲ್ಕು ವರ್ಷ ಆಯ್ತು ಅಕ್ಕ, ಅವನು ನನ್ನ ಜೊತೆ ಮಾತು ಬಿಟ್ಟು,” ಎಂದಳು. “ಅವನಿಗೊಂದು ಹುಡುಗಿ ಗೊತ್ತಾಗಿತ್ತು. ಹುಡುಗಿ ಕಡೆಯವರು ನನ್ನ ಹತ್ರ ಬಂದು, ನಿಮ್ಮ ತಮ್ಮ ಕುಡೀತಾನಾ ಅಂತ ಕೇಳಿದ್ರು. ಹೌದು ಅಂದೆ. ಇನ್ನೊಬ್ಬರ ಮನೆ ಹೆಣ್ಣುಮಗಳ ಬಾಳು, ಹೇಗೆ ಸುಳ್ಳು ಹೇಳ್ಲಿ? ಮದುವೆ ಮುರೀತು. ಇನ್ನು ನಿನ್ನ ಮುಖ ನೋಡಲ್ಲ ಅಂದು ಹೋದವನು ಹೋದ. ನಾನೇ ಎತ್ತಿ ಆಡಿಸಿದ ಕೂಸು. ಅಮ್ಮ ಹೋದಾಗ ಅವನಿಗೆ ಆರು ವರ್ಷ.”

“ಈಗ ಏನು ಬರೀಬೇಕು?”

ಹೊಲಿಗೆಯಮ್ಮ ಎದೆಯ ಮೇಲೆ ಕೈಯಿಟ್ಟಳು. “ಇಲ್ಲಿ ಒಂದು ಕವಾಟ ಕೆಟ್ಟಿದೆಯಂತೆ. ಮುಂದಿನ ತಿಂಗಳು ಹನ್ನೆರಡನೇ ತಾರೀಖು ಆಪರೇಷನ್. ಎದ್ದು ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂತ ಡಾಕ್ಟರ್ ಮುಚ್ಚಿಡದೆ ಹೇಳಿದ್ದಾರೆ. ಅಷ್ಟರೊಳಗೆ ಅವನ ಒಂದು ಮಾತು ಕೇಳ್ಬೇಕು. ಅಷ್ಟೇ ನನ್ನಾಸೆ.”

ಸೇತುವೆಯಕ್ಕ ಅವಳು ಹೇಳಿದ ಹಾಗೆಯೇ ಟೈಪ್ ಮಾಡಿದಳು. ‘ತಮ್ಮಾ, ನನಗೆ ಹನ್ನೆರಡಕ್ಕೆ ಆಪರೇಷನ್. ಬರೋಕಾದ್ರೆ ಬಾ. ಆಗದಿದ್ರೆ ಒಂದು ಸಾಲು ಬರಿ. ಬೈದು ಬರೆದ್ರೂ ಸರಿ.’ ಹತ್ತು ನಿಮಿಷದಲ್ಲಿ ಚೀಟಿ ಬಂತು. ಅದನ್ನು ಪ್ರಿಂಟ್ ತೆಗೆದು ಕೊಟ್ಟಳು.

“ನೋಡಿ, ತಲುಪಿದೆ. ಇನ್ನು ನಾಲ್ಕೈದು ದಿನ. ಉತ್ತರ ಬಂದೇ ಬರುತ್ತೆ.”

ಹೊಲಿಗೆಯಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿ, ಪತ್ರವೇ ಅದೇನೋ ಎಂಬ ಹಾಗೆ, ಸೂಜಿಯ ಡಬ್ಬಿಯಲ್ಲಿಟ್ಟುಕೊಂಡಳು.

ನಾಲ್ಕೈದು ದಿನ ಹತ್ತಾಯಿತು. ಅವಳು ದಿನಾ ಬರುತ್ತಿದ್ದಳು. ಹತ್ತಿರಕ್ಕೆ ಬಂದು ಕೇಳುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಹುಬ್ಬೆತ್ತಿ ನೋಡುತ್ತಿದ್ದಳು, ಸೇತುವೆಯಕ್ಕ ಇಲ್ಲವೆಂದು ತಲೆಯಾಡಿಸಿದರೆ ಹೊರಟುಹೋಗುತ್ತಿದ್ದಳು. ಹನ್ನೊಂದನೆಯ ದಿನ ಒಳಗೆ ಬಂದು ಕೂತಳು.

“ಕೆಲಸ ಜಾಸ್ತಿ ಇರಬಹುದು,” ಎಂದಳು ಸೇತುವೆಯಕ್ಕ. “ಇನ್ನೊಂದು ಬರೆಯೋಣ.”

ಎರಡನೆಯ ಪತ್ರವೂ ಹೋಯಿತು. ‘ಮೊದಲಿನದು ನಿನಗೆ ತಲುಪಿದೆ ಅಂತ ಇಲ್ಲಿ ತೋರಿಸಿದ್ರು. ನಿನ್ನ ಸಿಟ್ಟು ನನಗೆ ಗೊತ್ತು. ಮದುವೆ ಮುರಿದಿದ್ದು ನನ್ನಿಂದಾನೇ. ತಪ್ಪಾಯ್ತು ಅಂತ ಹೇಳ್ತಿದೀನಿ. ಒಂದು ಸಾಲು.’ ಮತ್ತೆ ಚೀಟಿ ಬಂತು. ಅವಳು ಅದನ್ನು ಓದಲೂ ಇಲ್ಲ, ಮಡಿಸಿಕೊಂಡಳು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಗಳ ತೋಳು ಹಿಡಿದುಕೊಂಡು ಬಂದಳು. ಮಗಳ ಮುಖ ಗಂಟಾಗಿತ್ತು.

“ಇನ್ನು ಅವನ ಕಾಲು ಹಿಡಿಯೋದು ಸಾಕಮ್ಮ. ಎರಡು ಸಲ ಓದಿ ಸುಮ್ಮನೆ ಕೂತಿದಾನೆ. ಕಲ್ಲಿಗೆ ನೀರೆರೆದ್ರೆ ಚಿಗುರುತ್ತಾ?”

“ನಿನ್ನ ಮಾಮ ಕಣೇ ಅವನು. ಬಾಯಿಗೆ ಬಂದದ್ದು ಅನ್ಬೇಡ.” ಹೊಲಿಗೆಯಮ್ಮ ಉಸಿರು ಹಿಡಿದು ಹಿಡಿದು ಮಾತಾಡುತ್ತಿದ್ದಳು. “ಅಕ್ಕ, ಇದೊಂದು ಬರ್ಕೊಳ್ಳಿ. ತಮ್ಮಾ, ನೀನು ಬರೀಲಿಲ್ಲ. ನಿನ್ನ ಮನಸ್ಸು ಗೊತ್ತಾಯ್ತು. ನನಗೆ ನಿನ್ನ ಮೇಲೆ ಕೋಪ ಇಲ್ಲ. ಕುಡಿಯೋದು ಬಿಡು. ಅಷ್ಟೇ ಅಕ್ಕ.”

ಟೈಪ್ ಮಾಡಿ ಕಳಿಸಿದ ಮೇಲೆ ಸೇತುವೆಯಕ್ಕನ ಕೈ ಫೋನಿನ ಕಡೆ ಹೋಯಿತು. ಪತ್ರ ಹಡಗಿಗೆ ಹೋಗಿದೆಯೋ ಇಲ್ಲವೋ ದೊಡ್ಡ ಯಂತ್ರ ನೋಡಿಕೊಳ್ಳುವ ಹಳೆ ಕಟ್ಟಡದ ಹಡಗು ಕೋಣೆಗೆ ಫೋನ್ ಮಾಡಿ ಒಂದು ಮಾತು ಕೇಳೋಣವೇ ಎನ್ನಿಸಿತು. ಅಷ್ಟರಲ್ಲಿ ಚೀಟಿ ಬಂತು. ತಾನೇ ಬರೆದಿಟ್ಟ ಸಾಲನ್ನು ತಾನೇ ಓದಿ ತಾನೇ ನಂಬಿದಳು. ಫೋನ್ ಮಾಡಲಿಲ್ಲ.

ಆಪರೇಷನ್ ಆಗಿ ಮೂರನೆಯ ದಿನ ಹೊಲಿಗೆಯಮ್ಮ ತೀರಿಕೊಂಡಳು. ಸೇತುವೆಯಕ್ಕ ಹೋಗಿದ್ದಳು. ಕಿಟಕಿಯ ಪಕ್ಕದ ಮಷಿನ್ನಿನಲ್ಲಿ ಯಾರದೋ ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಇತ್ತು. ಮಗಳು ಅಳುತ್ತಿರಲಿಲ್ಲ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. “ಪ್ರಜ್ಞೆ ಬಂದಾಗ ಕೇಳಿದ್ದು ಒಂದೇ, ಬರೆದನಾ ಅಂತ. ಇಲ್ಲ ಅಂದೆ. ಹೋಗ್ಲಿ ಬಿಡು ಅಂತ ಆ ಕಡೆ ಮುಖ ತಿರುಗಿಸಿದ್ಲು.” ಆಮೇಲೆ ಸೇತುವೆಯಕ್ಕನ ಕೈ ಹಿಡಿದು, “ನೀವೊಬ್ಬರೇ ಅವಳಿಗೆ ಆಗಿದ್ದು,” ಎಂದಳು.

ಹನ್ನೊಂದು ದಿನ ಕಳೆದ ಮೇಲೆ ಹಡಗು ಕೋಣೆಯ ಗುಮಾಸ್ತನ ಫೋನ್ ಬಂತು. ಅವನು ತಮಾಷೆಯ ಮನುಷ್ಯ.

“ಸೇತುವೆಯಕ್ಕಾ, ನಿಮ್ಮ ಸೇತುವೆ ಆ ತುದಿ ಬಿದ್ದುಹೋಗಿದೆಯಾ ಹೇಗೆ? ದೊಡ್ಡ ಯಂತ್ರದಲ್ಲಿ ಕಸ ಗುಡಿಸ್ತಿದ್ದೆ. ಒಂದೇ ಹಡಗಿನ ಹೆಸರಿಗೆ ಮೂವತ್ತೊಂದು ಕಾಗದ ಕೂತಿವೆ. ಕಾದು ಕಾದು ಗಡ್ಡ ಬಂದಿದೆ ಪಾಪ!”

“ಯಾವ ಹಡಗು?”

ಅವನು ಹೇಳಿದ. ಹೊಲಿಗೆಯಮ್ಮನ ತಮ್ಮ ಇದ್ದದ್ದು ಅದರಲ್ಲೇ.

“ಆ ಹಡಗನ್ನ ನಡೆಸೋದು ಈಗ ಬೇರೆ ಕಂಪನಿ ಅಲ್ವಾ ಅಕ್ಕ? ಎರಡು ತಿಂಗಳಾಯ್ತು. ಅದು ನಮ್ಮ ಯಂತ್ರದ ಹತ್ರ ಬಂದು ಕಾಗದ ತಗೊಳ್ಳೋದೇ ಇಲ್ಲ. ಅವರದ್ದು ಬೇರೆ ದಾರಿ. ಹೊಸ ವಿಳಾಸದ ಪಟ್ಟಿ ಎಲ್ಲರಿಗೂ ಬಂದಿತ್ತಲ್ಲ!”

ಅವಳಿಗೂ ಬಂದಿತ್ತು. ಹುಡುಕಿದಾಗ ಸಿಕ್ಕಿತು. ವಿಭಾಗದ ಮುಖ್ಯಸ್ಥರು ಪಟ್ಟಿಯನ್ನು ಅಟ್ಯಾಚ್‌ಮೆಂಟ್ ಮಾಡಿ ಎಲ್ಲರಿಗೂ ಕಳಿಸಿದ್ದರು. ಅವರ ಬಳಿ ಇದ್ದದ್ದು ಅವಳ ಟೆಲಿಪ್ರಿಂಟರ್ ಕಾಲದ ವಿಳಾಸ, ದೊಡ್ಡ ಯಂತ್ರದ್ದು. ಹಾಗಾಗಿ ಅವಳಿಗೆ ಬರಬೇಕಾದ ಪತ್ರ ಅವಳದೇ ಗೇಟ್‌ವೇ ದಾಟಿ ಬಂದಿತ್ತು. ದಾಟುವಾಗ ಗೇಟ್‌ವೇ ತನ್ನ ಕೆಲಸ ಮಾಡಿತ್ತು. ಮೇಲೆ ‘ಮಾಹಿತಿಗಾಗಿ’ ಎಂಬ ಒಂದು ಪದ. ಕೆಳಗೆ ‘ಅಟ್ಯಾಚ್‌ಮೆಂಟ್ ತೆಗೆಯಲಾಗಿದೆ. ಬೇಕಿದ್ದರೆ ಕಳಿಸಿದವರನ್ನು ಕೇಳಿ.’

ಕೇಳಬಹುದಿತ್ತು. ಆದರೆ ಮುಖ್ಯಸ್ಥರು ಎಲ್ಲದಕ್ಕೂ ‘ಮಾಹಿತಿಗಾಗಿ’ ಎಂದೇ ಬರೆಯುತ್ತಿದ್ದರು. ಹಿಂದೆ ಎರಡು ಸಲ ಮೂರು ಅಂತಸ್ತು ಹತ್ತಿಹೋಗಿ ಕೇಳಿದಾಗ ಒಮ್ಮೆ ಅದು ಬೀಳ್ಕೊಡುಗೆಯ ಫೋಟೋ ಆಗಿತ್ತು, ಇನ್ನೊಮ್ಮೆ ಮೆಟ್ಟಿಲಿಗೆ ಬಣ್ಣ ಹೊಡೆಯುವ ದಿನಗಳ ಪಟ್ಟಿ. “ನಿಮ್ಮ ಯಂತ್ರಾನೇ ತಿಂದುಹಾಕಿ, ಏನು ತಿಂದೆ ಅಂತ ನನ್ನ ಕೇಳ್ತೀರಲ್ಲ ಅಕ್ಕ,” ಎಂದು ಅವರು ಎಲ್ಲರೆದುರು ನಕ್ಕಿದ್ದರು. ಮೂರನೆಯ ಸಲ ನಗೆಪಾಟಲಾಗುವುದು ಬೇಡವೆಂದು ಅವಳು ಆ ಪತ್ರವನ್ನು ಬದಿಗೆ ಸರಿಸಿದ್ದಳು.

ಮೂವತ್ತೊಂದರಲ್ಲಿ ಹೊಲಿಗೆಯಮ್ಮನವು ಮೂರು. ಅವಳು ಎಲ್ಲವನ್ನೂ ಹೊಸ ದಾರಿಗೆ ತಿರುಗಿಸಿ ಕಳಿಸಿದಳು. ಆ ಮೂರರ ಕೊನೆಗೆ ಒಂದು ಸಾಲು ಸೇರಿಸಬೇಕಾಯಿತು, ಅಕ್ಕ ಹದಿನೈದನೆಯ ತಾರೀಖು ತೀರಿಕೊಂಡಳು ಎಂದು. ಬೇರೆಯವರ ಪತ್ರಕ್ಕೆ ಅವಳು ತನ್ನ ಅಕ್ಷರ ಸೇರಿಸಿದ್ದು ಅದೇ ಮೊದಲು. ಆಮೇಲೆ ಗೇಟ್‌ವೇಯ ಒಳಹೊಕ್ಕು ತಲುಪಿದ ಚೀಟಿಯನ್ನು ನಿಲ್ಲಿಸಿದಳು. ಮರುದಿನದಿಂದ ಜನ ಮತ್ತೆ ಕೇಳತೊಡಗಿದರು. “ಚೀಟಿ ಬಂದೇ ಇಲ್ವಲ್ಲ ಅಕ್ಕ?” “ಇನ್ಮೇಲೆ ಬರಲ್ಲಮ್ಮ,” ಎನ್ನುತ್ತಿದ್ದಳು. ಒಬ್ಬಾಕೆ ಎದುರಿಗೇ ಬೈದುಹೋದಳು.

ಮುಖ್ಯಸ್ಥರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದಾಗ ಅವರು ಬಾಗಿಲು ಹಾಕಿದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಕೆಟ್ಟವರಲ್ಲ.

“ಅಕ್ಕ, ಇದು ಹೊರಗೆ ಹೋಗೋದು ಬೇಡ. ಪಟ್ಟಿ ಕಳ್ಸಿದ್ದು ನಾನು, ಅದು ನಿಮಗೆ ಸಿಕ್ಕಿಲ್ಲ. ಹುಡುಕ್ತಾ ಹೋದ್ರೆ ನಿಮ್ಮದೂ ಇದೆ, ನನ್ನದೂ ಇದೆ. ಉಪಗ್ರಹದ ಸಂಪರ್ಕ ಕೆಟ್ಟಿತ್ತು ಅಂತ ಫೈಲಿಗೆ ಒಂದು ಸಾಲು ಹಾಕಿಬಿಡ್ತೀನಿ. ಆ ಮನೆಯವರ ಹತ್ರ ನೀವು ಬಾಯಿ ಬಿಟ್ರೆ ವಿಚಾರಣೆ ಅಂತಾರೆ. ನಿಮಗೆ ಇನ್ನು ಎರಡೇ ವರ್ಷ ಸರ್ವೀಸು. ಹೋಗ್ಲಿ ಬಿಡಿ.”

‘ಹೋಗ್ಲಿ ಬಿಡಿ’ ಎಂಬ ಮಾತು ಎದೆಗೆ ಚುಚ್ಚಿತು. ಯೋಚಿಸುತ್ತೇನೆ ಸರ್ ಎಂದಷ್ಟೇ ಹೇಳಿ ಇಳಿದುಬಂದಳು.

ಅವತ್ತು ಸಂಜೆ ಪಾತ್ರೆ ತೊಳೆಯುತ್ತ ಅತ್ತೆಗೆ ಹೇಳಿದಳು.

“ಉತ್ತರ ಬರದಿದ್ರೆ ಕಾಗದ ಎಲ್ಲೋ ಕಳೆದುಹೋಯ್ತು ಅಂದ್ಕೊಂಡು ಸಾಯ್ತಿದ್ಲು ಅತ್ತೆ,” ಎಂದಳು ಸೇತುವೆಯಕ್ಕ. “ಅಷ್ಟಾದ್ರೂ ಇರ್ತಿತ್ತು ಅವಳಿಗೆ. ನಾನು ಅದನ್ನೂ ಕಿತ್ಕೊಂಡೆ. ತಲುಪಿದೆ, ತಲುಪಿದೆ ಅಂತ ಮೂರು ಸಲ ಹೇಳಿ, ತಮ್ಮ ಬೇಡ ಅಂದ ಅಂತ ನಾನೇ ನಂಬಿಸಿ ಕಳಿಸ್ದೆ.”

“ದೇವರ ಹತ್ರ ಹೇಳ್ಕೊಂಡ್ಯಾ?”

“ದಿನಾ ಹೇಳ್ತಿದೀನಿ.”

“ದೇವರಿಗೆ ಮೊದಲೇ ಗೊತ್ತು ಕಣೇ. ಗೊತ್ತಿಲ್ಲದವರಿಗೆ ಹೇಳು.”

ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು. ಗೊತ್ತಿಲ್ಲದವಳು ಎರಡು ಬೀದಿಯಾಚೆ ಇದ್ದಳು. ಮರುದಿನ ಹೋಗುತ್ತೇನೆ ಎಂದುಕೊಂಡಳು. ಮರುದಿನ ಆ ಬೀದಿಯ ತಿರುವಿನವರೆಗೆ ಹೋಗಿ ಹಿಂದಿರುಗಿದಳು. ‘ನೀವೊಬ್ಬರೇ ಅವಳಿಗೆ ಆಗಿದ್ದು’ ಎಂದು ಹಿಡಿದಿದ್ದ ಆ ಕೈ ನೆನಪಾಗಿ ಕಾಲು ಮುಂದಕ್ಕೆ ಬರಲಿಲ್ಲ. ಹೀಗೆ ನಾಲ್ಕು ಸಲವಾಯಿತು. ನಾಲ್ಕನೆಯ ಸಲ ಕಿಟಕಿ ತೆರೆದಿತ್ತು, ಮಗಳು ಆ ಅರ್ಧ ತೋಳನ್ನು ಹೊಲಿದು ಮುಗಿಸುತ್ತ ಕೂತಿದ್ದಳು.

ಪತ್ರಗಳು ಹೊಸ ದಾರಿ ಹಿಡಿದು ಹೋದ ಒಂಬತ್ತನೆಯ ದಿನ, ಮಧ್ಯಾಹ್ನ, ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಲ್ಲಿ ಒಬ್ಬ ಬಂದು ನಿಂತ. ಮೂವತ್ತರ ಆಸುಪಾಸು. ಮುಂಗೈ ತುಂಬ ಸುಟ್ಟ ಕಲೆ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಯಾರೆಂದು ಅವಳು ಕೇಳಬೇಕಾಗಲಿಲ್ಲ. ಹುಬ್ಬೆತ್ತಿ ನೋಡುವ ರೀತಿ ಹೊಲಿಗೆಯಮ್ಮನದೇ.

“ಸೇತುವೆಯಕ್ಕ ಅಂದ್ರೆ ನೀವೇನಾ?”

“ಬಾ ಅಪ್ಪ. ಕೂತ್ಕೋ.”

ಅವನು ಕೂರಲಿಲ್ಲ. ಮಡಿಸಿದ ಮೂರು ಚೀಟಿಗಳನ್ನು ಕೀಬೋರ್ಡಿನ ಮೇಲಿಟ್ಟ. ಮಡಿಕೆಗಳಲ್ಲಿ ಸೂಜಿಯ ತುಕ್ಕು ಹತ್ತಿತ್ತು.

“ನಿನ್ನೆ ಬಂದಿಳಿದೆ. ಸೀದಾ ಅಕ್ಕನ ಮನೆಗೆ ಹೋದೆ. ಅಕ್ಕನ ಮಗಳು, ನನ್ನ ಸೊಸೆ, ಬಾಗಿಲು ತೆಗೆದವಳು ಇವನ್ನ ಮುಖಕ್ಕೆ ಎಸೆದು ಬಾಗಿಲು ಹಾಕಿದ್ಲು. ನನಗೆ ಸಿಕ್ಕಿದ್ದೇ ಹೋದ ವಾರ ಕಣೇ ಅಂದೆ. ಒಳಗಿಂದಾನೇ ಹೇಳಿದ್ಲು, ಸತ್ತವಳ ಮುಂದೆ ಬೇಡ ನಿನ್ನ ಸುಳ್ಳು, ತಲುಪಿದೆ ಅಂತ ಬರೆದಿದೆ ಅಂತ.” ಅವನ ದನಿ ಏರಲಿಲ್ಲ. “ಇದೇನು ಅಕ್ಕ ಇದು? ಯಾರಿಗೆ ತಲುಪ್ತು?”

ಸೇತುವೆಯಕ್ಕ ಒಂದನ್ನೂ ಬಿಡದೆ ಹೇಳಿದಳು. ಚೀಟಿ ಬರೆದವಳು ತಾನು. ಅದು ಹೊರಡುವುದು ಈ ಯಂತ್ರದಿಂದ, ಅವನ ಹಡಗಿನಿಂದಲ್ಲ. ಪಟ್ಟಿ ಬಂದಾಗ ಕೇಳದೆ ಸರಿಸಿದವಳು ತಾನು. ಮೂರನೆಯ ಪತ್ರದ ದಿನ ಫೋನ್ ಮಾಡಬೇಕೆನ್ನಿಸಿಯೂ ಮಾಡದವಳು ತಾನು. ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ಬೇರೆ ಕಡೆ ನೋಡಿದ್ದರೆ ಮುಗಿಸಲಾಗುತ್ತಿರಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ಕೂತ.

“ಮೂರೂ ಒಟ್ಟಿಗೆ ಬಂದ್ವು,” ಎಂದ. “ಮೊದಲನೇದು ಓದಿ, ಹನ್ನೆರಡಕ್ಕೆ ಇನ್ನೂ ಟೈಮಿದೆಯಾ ಅಂತ ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ದೆ. ಆಮೇಲೆ ಎರಡನೇದು ಓದ್ದೆ. ಮೂರನೇದು. ಕೊನೆಗೆ ನಿಮ್ಮ ಸಾಲು.” ಮುಂಗೈಯಿಂದ ಮೂಗೊರೆಸಿಕೊಂಡ. “ಕುಡಿಯೋದು ಬಿಡು ಅಂತ ಬರೆದಿದ್ದಾಳೆ. ಬಿಟ್ಟು ಮೂರು ವರ್ಷ ಆಯ್ತು ಅಕ್ಕ. ಊರಿಗೆ ಬಂದಾಗ ಎದುರಿಗೇ ಹೇಳೋಣ, ಅವಳ ಮುಖ ನೋಡ್ಬೇಕು ಅಂತ ಇಟ್ಕೊಂಡಿದ್ದೆ. ಒಂದು ಸಾಲು ಬರೆದಿದ್ರೆ ಆಗ್ತಿತ್ತು. ಹಡಗಲ್ಲಿ ನನಗೂ ಕಂಪ್ಯೂಟರ್ ಇತ್ತಲ್ಲ.”

ಅವಳು ನೀರಿನ ಬಾಟಲಿ ಅವನ ಕಡೆ ಸರಿಸಿದಳು. ಅವನು ಕುಡಿದ.

“ಸೊಸೆಗೆ ಹೇಳಿದೀರಾ?”

“ಇಲ್ಲ. ನಾಲ್ಕು ಸಲ ತಿರುವಿನ ತನಕ ಹೋಗಿ ಬಂದೆ. ಧೈರ್ಯ ಆಗ್ಲಿಲ್ಲ. ಇವತ್ತು ಹೋಗ್ತೀನಿ.”

“ಹೇಳಿದ್ರೆ ನಿಮಗೇನಾಗುತ್ತೆ ಇಲ್ಲಿ?”

“ವಿಚಾರಣೆ ಆಗಬಹುದು. ಈ ಬೀಗದಕೈ ಇಸ್ಕೋಬಹುದು. ಆಗೋದು ಆಗ್ಲಿ.”

ಅವನು ಮೂರು ಚೀಟಿಗಳನ್ನೂ ಕೈಗೆತ್ತಿಕೊಂಡ. ಬೆರಳುಗಳು ಅವನ್ನು ಹರಿಯುವ ಹಾಗೆ ಹಿಡಿದಿದ್ದವು.

“ಒಂದು ಮಾತು ಹೇಳ್ತೀನಿ ಕೇಳಿ. ನೀವು ಹೋಗಬೇಡಿ. ಇದು ನನ್ನ ಮೇಲೇ ಇರ್ಲಿ. ಓದಿದ್ದೆ, ಸಿಟ್ಟಲ್ಲಿ ಸುಮ್ಮನಿದ್ದೆ ಅಂತ ನಾನೇ ಒಪ್ಕೋತೀನಿ. ನಾಲ್ಕು ವರ್ಷ ಸುಮ್ಮನಿದ್ದವನು ನಾನೇ ತಾನೆ? ಅದು ಯಾವ ಯಂತ್ರಾನೂ ಮಾಡಿದ್ದಲ್ಲ. ಸೊಸೆ ಹೇಗೂ ಬಾಗಿಲು ಹಾಕಿದಾಳೆ. ಸೋಮವಾರ ನಾನು ಮತ್ತೆ ಸಮುದ್ರಕ್ಕೆ ಹೋಗ್ತೀನಿ. ನೀವು ಇಲ್ಲಿ ಇನ್ನೆರಡು ವರ್ಷ ನೆಮ್ಮದಿಯಾಗಿರಿ. ಅಕ್ಕನ ಹತ್ರ ಕೊನೆ ತನಕ ಕೂತು ಬರ್ಕೊಟ್ಟವರು ನೀವು. ನಾನು ಅಷ್ಟೂ ಮಾಡ್ಲಿಲ್ಲ.”

ಅವನು ಬಾಯಿಮಾತಿಗೆ ಹೇಳುತ್ತಿರಲಿಲ್ಲ. ಆ ಸುಟ್ಟ ಕೈಗಳು ಭಾರ ಹೊತ್ತು ಅಭ್ಯಾಸವಾದ ಕೈಗಳು, ಇನ್ನೊಂದನ್ನು ಹೊರಲು ಸಿದ್ಧವಾಗಿದ್ದವು. ಹೂಂ ಎಂದರೆ ಸಾಕಿತ್ತು. ಒಂದು ಕ್ಷಣ ಅವಳ ಮನಸ್ಸು ಆ ಕಡೆಗೆ ವಾಲಿತು ಕೂಡ. ಅತ್ತೆಗೆ ವಯಸ್ಸಾಗಿದೆ, ತನಗೆ ಬೇರೆ ಕೆಲಸ ಬಾರದು, ಮುಖ್ಯಸ್ಥರೂ ಬೇಡವೆನ್ನುತ್ತಾರೆ, ಅನ್ಯಾಯವಾದವನೇ ಬೇಡವೆನ್ನುತ್ತಾನೆ. ಆಮೇಲೆ ಕಿಟಕಿಯ ಪಕ್ಕ ಅರ್ಧ ತೋಳನ್ನು ಹೊಲಿಯುತ್ತ ಒಬ್ಬಳೇ ಕೂತಿದ್ದವಳು ಕಣ್ಣಮುಂದೆ ಬಂದಳು.

ಸೇತುವೆಯಕ್ಕ ಕೈ ಚಾಚಿ ಅವನ ಬೆರಳುಗಳಿಂದ ಚೀಟಿಗಳನ್ನು ಬಿಡಿಸಿಕೊಂಡಳು.

“ಬೇಡಪ್ಪ. ನೀನು ದೊಡ್ಡ ಮನಸ್ಸಿನಿಂದ ಹೇಳ್ತಿದೀಯ. ಆದ್ರೆ ಇದು ನಿನ್ನ ಕೈಯಲ್ಲಿಲ್ಲ. ಆ ಹುಡುಗಿಗೆ ಅಮ್ಮ ಹೋದ್ಲು. ಉಳಿದಿರೋದು ನೀನೊಬ್ಬ. ನಿನ್ನನ್ನೂ ಅವಳಿಂದ ಕಿತ್ಕೊಂಡು ನಾನು ಎರಡು ವರ್ಷ ಸಂಬಳ ತಗೊಳ್ಳೋಕಾಗಲ್ಲ.”

“ಹಾಗಾದ್ರೆ ನಾನೂ ಜೊತೆಗೆ ಬರ್ತೀನಿ. ಬಾಗಿಲ ಹತ್ರ ನಿಂತಿರ್ತೀನಿ. ಅವಳು ಬಾಯಿಗೆ ಬಂದ ಹಾಗೆ ಬೈತಾಳೆ ಅಕ್ಕ, ನಿಮಗೆ ಗೊತ್ತಿಲ್ಲ. ನಾನು ನಡುವೆ ಬಂದು...”

“ಬೇಡ.” ಅವಳು ಎದ್ದು ಕೈಚೀಲವನ್ನು ಹೆಗಲಿಗೆ ಹಾಕಿಕೊಂಡಳು. “ಬೈಸ್ಕೊಳ್ಳೋಕೇ ಹೋಗ್ತಿರೋದು. ನಡುವೆ ಯಾರೂ ಬೇಡ.”